ದಂಡೆಗೆ ಬಂದು ಕೂತ ದೇವಿ

ಗಣೇಶಗುಡಿ

ಸುನಂದಕ್ಕಾ,

ಕರೆಂಟಿನ ಅಣೆಕಟ್ಟಿನಲ್ಲಿ ಮುಳುಗಿದ ಅವ್ವನ ತವರೂರು ನೋಡಬಂದರೆ ಬರೀ ನೀರು. ಊರದೇವಿಗೆ ಉಡಿ ತುಂಬಲು ಅವ್ವ ಕೊಟ್ಟ ಖಣ, ತೆಂಗಿನಕಾಯಿ ಹಿಡಿದು ನಿಂತಿದ್ದೆ. ಮುದುಕಿಯೊಬ್ಬಳು ದಂಡೆಯ ಕಲ್ಲು ತೋರಿಸಿ, “ನೀರು ಏರಿದಾಗ ತಾಯಿ ತಾನ ಎದ್ದು ಬಂದು ಇಲ್ಲಿ ಕುಂತಾಳ ನೋಡವಾ” ಎಂದಳು. ಹೊಸ ಕುಂಕುಮ ಹಚ್ಚಲೆಂದು ಹಳೆಯದನ್ನು ಒರೆಸಿದರೆ ಅಡಿಯಲ್ಲಿ ಕೊರೆದ ನಂಬರು! ನೀರು ಎಲ್ಲಿಯವರೆಗೆ ಬರುತ್ತದೆಂಬ ಗುರುತಿಗೆ ಅಣೆಕಟ್ಟು ಕಟ್ಟುವಾಗ ನೆಟ್ಟ ಮುಳುಗಡೆಯ ಕಲ್ಲು ಅದು, ಅಕ್ಕಾ. ಊರು ಮುಳುಗಿಸಿದ ಗುರುತಿಗೇ ನಮ್ಮವರು ಇಷ್ಟು ವರ್ಷ ಕೈ ಮುಗಿದಿದ್ದಾರೆ. ಮುದುಕಿ ನೋಡುತ್ತಿದ್ದಳು. ನಂಬರಿನ ಮೇಲೆ ಕುಂಕುಮ ಬಳಿದು ನಾನೂ ಉಡಿ ತುಂಬಿದೆ.

ನನಗೆ ಜ್ವರ, ಇಳಿದ ಮೇಲೆ ಬರುತ್ತೇನೆ. ಅವ್ವನ ಬಿಪಿ ಗುಳಿಗೆ ತಪ್ಪಿಸಬೇಡ. ಇದನ್ನು ಅವಳಿಗೆ ಓದಿ ಹೇಳುವಾಗ, ದೇವಿ ಸಿಕ್ಕಳು ಎಂದಷ್ಟೇ ಓದು.

ನಿರ್ಮಲಾ