ಫೋನ್ ಎತ್ತಬೇಡಿ ಅತ್ತೆ

ಅತ್ತೆ,

ಗಂಜಿ ಮುಚ್ಚಿಟ್ಟಿದ್ದೇನೆ. ಉಪ್ಪಿನಕಾಯಿ ಸ್ವಲ್ಪವೇ ಹಾಕಿಕೊಳ್ಳಿ.

ಹನ್ನೊಂದಕ್ಕೂ ಮೂರಕ್ಕೂ ಸೊಸೈಟಿಯಿಂದ ಫೋನ್ ಮಾಡುತ್ತೇನೆ. ದಯವಿಟ್ಟು ಎತ್ತಬೇಡಿ. ಭಾವ ಮುಂಬೈಯಿಂದ ತಂದ, ತಾನಾಗಿಯೇ ಉತ್ತರ ಕೊಡುವ ಮೆಷಿನ್ ಎತ್ತಲಿ. ಅದು ಮಾತಾಡಿದರೆ ಮನೆಯಲ್ಲಿ ಕರೆಂಟ್ ಇದೆ, ನಿಮ್ಮ ಆಕ್ಸಿಜನ್ ಮೆಷಿನ್ನೂ ನಡೆಯುತ್ತಿದೆ ಎಂದು ಅರ್ಥ. ಬರೀ ರಿಂಗಾಗುತ್ತಲೇ ಇದ್ದರೆ ಕರೆಂಟ್ ಹೋಗಿದೆ. ಆಗ ಪಕ್ಕದ ಮನೆಯ ಪದ್ದಕ್ಕನಿಗೆ ಹೇಳುತ್ತೇನೆ, ಅವರು ಬಂದು ಸಿಲಿಂಡರ್ ಹಾಕಿಕೊಡುತ್ತಾರೆ.

ನಿಮ್ಮನ್ನೇ ಕೇಳಬಹುದಿತ್ತು. ಆದರೆ ಮಂಗಳವಾರ ಕೇಳಿದ್ದಕ್ಕೆ "ಕರೆಂಟ್ ಇತ್ತ್ ಮಗಾ, ನೀ ನಿನ್ನ ಕೆಲ್ಸ ಕಾಣ್" ಎಂದಿರಿ. ಸಂಜೆ ಬಂದು ನೋಡಿದರೆ ಫ್ರಿಜ್ಜಿನ ನೀರು ಅಡುಗೆಮನೆಯಿಡೀ ಹರಿದಿತ್ತು, ನಿಮ್ಮ ತುಟಿ ನೀಲಿಯಾಗಿತ್ತು. ನಾನು ರಜೆ ಹಾಕಬಾರದೆಂದು ನೀವು ಹೇಳುವ ಸುಳ್ಳು ಕೇಳಿ ಕೇಳಿ ನನಗೆ ಸಾಕಾಗಿದೆ.

ಆ ಮೆಷಿನ್ನಿನಲ್ಲಿರುವುದೂ ನಿಮ್ಮದೇ ಸ್ವರ, ನಾಲ್ಕು ವರ್ಷದ ಹಿಂದಿನದು. "ಹ್ವಾಯ್, ಮನಿಯಂಗೆ ಯಾರೂ ಇಲ್ಲ, ಎಂತ ವಿಷ್ಯ ಹೇಳಿ" ಎಂದು ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಕರೆಂಟ್ ಇದೆಯೆಂದು ಗೊತ್ತಾದ ಮೇಲೂ ನಾನು ಫೋನ್ ಇಡುವುದಿಲ್ಲ. ಪೂರ್ತಿ ಕೇಳುತ್ತೇನೆ.

ವಿನಯಾ