ಉಪ್ಪಿಲ್ಲದ ಒಬ್ಬಟ್ಟಿನ ಸಾರು

ಚಾಮರಾಜಪೇಟೆ, ಯುಗಾದಿ, ೧೯೫೨

ಅತ್ತೆಯವರೇ,

ವಿಳಾಸವಿಲ್ಲದ ಈ ಕಾಗದವನ್ನು ನಿಮ್ಮ ಸೊಸೆ ಮಹಾನಂದ ಬರೆಯುತ್ತಿದ್ದೇನೆ. ನೀವು ತೀರಿಕೊಂಡ ಮೇಲೆ ಇಂದು ಮೊದಲ ಸಲ ಹಬ್ಬ ಮಾಡಿದೆವು. ಕಾಟನ್‌ಪೇಟೆಯ ಬೀಗರೂ ಸೇರಿ ಮೂವತ್ತು ಎಲೆ. ಒಬ್ಬಟ್ಟು ನಿಮ್ಮದಕ್ಕಿಂತ ಮೆತ್ತಗಿತ್ತು, ಹೇಳಿಬಿಡುತ್ತೇನೆ. ಸಾರಿಗೆ ಮಾತ್ರ ಉಪ್ಪು ಹಾಕುವುದನ್ನೇ ಮರೆತೆ. ಹನ್ನೊಂದು ವರ್ಷ ಅದು ನಿಮ್ಮ ಕೆಲಸವಾಗಿತ್ತಲ್ಲ. ಬೀಗರು ಮುಖ ಮುಖ ನೋಡಿಕೊಂಡರು. ಮಾವನವರು, "ಚೆನ್ನಾಗಿದೆ ಕಣಮ್ಮ, ಇನ್ನೊಂದ್ ಸೌಟು ಹಾಕು" ಎಂದರು.

ನಿಮ್ಮ ಕೊನೆಯ ಯುಗಾದಿಯಲ್ಲಿ ನೆಂಟರೆದುರಿಗೇ ಕೇಳಿದ್ದೆ: "ಉಪ್ಪು ಹಾಕೋಕೂ ನಂಗೆ ಯೋಗ್ಯತೆ ಇಲ್ವಾ?" ನೀವು ಉಪ್ಪಿನ ಭರಣಿಯನ್ನು ನನ್ನ ಕಡೆ ಸರಿಸಿ ಎದ್ದು ಹೋದಿರಿ.

ಅಂದು ನಾನು ಹಾಕಿದ ಉಪ್ಪು ಜಾಸ್ತಿಯಾಗಿತ್ತು. ಊಟಕ್ಕೆ ಕೂತಾಗ ನೀವು ಎರಡು ಸಲ ಸಾರು ಹಾಕಿಸಿಕೊಂಡಿರಿ.