ಅಪ್ಪನ ಇನಿಷಿಯಲ್

3 ಮಾರ್ಚ್, ಬೆಳಿಗ್ಗೆ 6
ಮತ್ತೆ ಕೆಟ್ಟ ಕನಸು. ಹೇಮಾ ಮೇಡಂ ಥೀಸಿಸ್ ತೆರೆದರೆ ಒಂದಕ್ಷರ ಇಲ್ಲ. ಬರೀ ಬಿಳಿ ಹಾಳೆ. 

ಮೇಡಂ ಕುರುಗೋಡಿನ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್. ಪಿಎಚ್‌ಡಿ ಆಗದಿದ್ದರೆ ಮುಂದಿನ ವರ್ಷ ಕೆಲಸ ಇಲ್ಲ. ಹದಿನಾಲ್ಕಕ್ಕೆ ಥೀಸಿಸ್ ಸಲ್ಲಿಸಲು ಕೊನೆಯ ದಿನ. ವಿಷಯ — ರೊಮೇನಿಯಾ ದೇಶದ ರಾಜಕೀಯ ಮನೆತನಗಳು. ಬಳ್ಳಾರಿಯ ಈ ಟೈಪಿಂಗ್ ಅಂಗಡಿಯಲ್ಲಿ ಅದನ್ನು ಟೈಪ್ ಮಾಡುವವಳು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು. ಸ್ಟುರ್ಜಾ, ಗಿಕಾ, ಕಾಂಟಾಕುಜಿನೊ... ಬೆರಳೇ ತೊದಲುತ್ತವೆ.

5 ಮಾರ್ಚ್
ಬ್ರಟಿಯಾನು ಮನೆತನದ ಅಧ್ಯಾಯ ಮುಗಿಯಿತು. ಆ ಮನೆತನದ ಪ್ರಧಾನಿಯೊಬ್ಬನ ಹೆಸರನ್ನು ಮೇಡಂ ಒಮ್ಮೆ ‘ಇಯೋನ್ ಸಿ.’ ಅಂತ, ಒಮ್ಮೆ ‘ಇಯೋನ್ ಐ. ಸಿ.’ ಅಂತ ಬರೆದಿದ್ದಾರೆ. ಫೋನ್ ಮಾಡಿದೆ, ಎತ್ತಲಿಲ್ಲ. ಅಂಗಡಿ ಮಾಲೀಕ ಸಂಗಮೇಶಣ್ಣ ರೇಗಿದರು.

“ಹೆಸರಿನ ನಡಕ ಯಾರರ ಎರಡೆರಡು ಇನಿಷಿಯಲ್ ಇಡ್ತಾರೇನವಾ? ಒಂದು ತಗದು ಪ್ರಿಂಟಿಗೆ ಕೊಡು.”

ತೆಗೆದೆ. ಒಂದೇ ಏಟಿಗೆ ಎಲ್ಲ ಕಡೆ ‘ಐ.’ ಹೋಯಿತು. ಹಳೆಯ ಫೈಲ್ ಮೇಲೇ ಸೇವ್ ಮಾಡಿದೆ. ಸಮಾಧಾನವೇ ಆಯಿತು.

10 ಮಾರ್ಚ್
ಮೇಡಂ ಬಂದು ಬೈಂಡಿಂಗ್ ಆದ ಐದು ಪ್ರತಿ, ತಮ್ಮ ಕೈಬರಹ, ಎಲ್ಲ ಒಯ್ದರು.

“ಮೌನಿಕಾ, ನನಗಿಂತ ನೀನ ಜಾಸ್ತಿ ಓದೀಯಮ್ಮಾ. ನಾ ಇನ್ನ ತಗದು ನೋಡಂಗಿಲ್ಲ, ಕಣ್ಣು ಸೋತಾವ.”

11 ಮಾರ್ಚ್, ಮಧ್ಯಾಹ್ನ
ಊಟಕ್ಕೆ ಕೂತಿದ್ದೆ. ಬ್ರಟಿಯಾನು ಅಧ್ಯಾಯದ ಕರಡು ಹಾಳೆ ಕಣ್ಣಿಗೆ ಬಿತ್ತು. ಇಯೋನ್ ಸಿ. ಸತ್ತದ್ದು 1891. ಕೆಳಗೆ ನೋಡಿದರೆ — ದೇಶವನ್ನು ಯುದ್ಧಕ್ಕಿಳಿಸಿದ್ದು ಅದೇ ಇಯೋನ್ ಸಿ., 1916. ಸತ್ತು ಇಪ್ಪತ್ತೈದು ವರ್ಷ ಆದವನು!

ನಮ್ಮೂರು ಕರೂರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ನಕ್ಕಳು.

“ನಮ್ಮ ಓಣ್ಯಾಗ ನಾಕು ಮಂದಿ ಎರ್ರಿಸ್ವಾಮಿ ಇಲ್ಲೇನವಾ? ಒಬ್ಬನ ಗೊಬ್ಬರ ಇನ್ನೊಬ್ಬ ಹೊತಗೊಂಡು ಹೋದದ್ದು ಮರ್ತಿಯೇನು? ಅಲ್ಲೀನೂ ಅಪ್ಪ-ಮಗಗ ಒಂದ ಹೆಸರಿರಬೇಕು, ತಗಾ.”

ಹೌದು. ‘ಐ.’ ಅಂದರೆ ಇಂಗ್ಲಿಷಿನಲ್ಲಿ ಇಯೋನ್ ಹೆಸರಿನ ಮೊದಲಕ್ಷರ. ಅಪ್ಪನ ಹೆಸರು. ಮಗನ ಹೆಸರಿನಿಂದ ಅಪ್ಪನನ್ನೇ ಕಿತ್ತು ಹಾಕಿದ್ದೇನೆ.

12 ಮಾರ್ಚ್
ಸಂಗಮೇಶಣ್ಣನಿಗೆ ಹೇಳಿದೆ.

“ಬಾಯಿ ಮುಚ್ಚಿಕೊಂಡು ಕುಂದ್ರು. ಬಳ್ಳಾರ್ಯಾಗ ರೊಮೇನಿಯಾ ಯಾರು ಕಂಡಾರ? ಆ ಮೇಡಂಗ ಹೇಳಿದಿ ಅಂದ್ರ ನಾಳಿಂದ ಅಂಗಡಿ ಮೆಟ್ಟಲ ಹತ್ತಬ್ಯಾಡ.”

ಪರೀಕ್ಷಕರು ಓದುತ್ತಾರಲ್ಲ... ಅವರ ಮುಂದೆ ಮೇಡಂ ಒಬ್ಬರೇ ನಿಲ್ಲಬೇಕು. ಸಾಕಾಗಿದೆ. ಯೋಚಿಸಿ ಯೋಚಿಸಿ ತಲೆ ಭಾರ.

13 ಮಾರ್ಚ್, ಬೆಳಿಗ್ಗೆ 8.10, ಕುರುಗೋಡು ಬಸ್ಸು
ಅಂಗಡಿಗೆ ಹೋಗಲಿಲ್ಲ. ಸಂಗಮೇಶಣ್ಣನ ಫೋನ್ ಮೂರು ಸಲ ಬಂತು. ಎತ್ತಲಿಲ್ಲ. ನಿನ್ನೆ ಸಂಜೆಯೇ ಆ ಅಧ್ಯಾಯವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ತಿದ್ದಿ ಬೇರೆ ಕಡೆ ಪ್ರಿಂಟ್ ಹಾಕಿಸಿದ್ದೇನೆ, ಚೀಲದಲ್ಲಿದೆ. ಇಸವಿ ನೋಡಿ ನೋಡಿ ‘ಐ.’ ಸೇರಿಸಿದೆ. ನಲವತ್ತು ಕಡೆ ಸರಿಹೋಯಿತು. ಎದುರಿಗೆ ನಿಂತರೆ ಮಾತು ಬರಲಿಕ್ಕಿಲ್ಲ, ಬರೆದೇ ಕೊಡುತ್ತೇನೆ —

ಮೇಡಂ, ಇಯೋನ್ ಹೆಸರಿನ ‘ಐ.’ ತೆಗೆದ ತಪ್ಪು ನನ್ನದು. ಒಂದು ಕಡೆ ಇಸವಿ ಇಲ್ಲ, ಯಾರೆಂದು ತಿಳಿಯಲಿಲ್ಲ. ಪುಟ 187, ಮೂರನೇ ಸಾಲು. ನಿಮ್ಮ ಕೈಬರಹದಲ್ಲಿ ಅದೊಂದನ್ನು ಇನ್ನೊಮ್ಮೆ ನೋಡಿರಿ — ಅದು ಅಪ್ಪನೋ, ಮಗನೋ.